ಟಾನ್ಸಿಲ್ ಪಕ್ಕದಲ್ಲಿ ಕೀವು ಕಟ್ಟಿದಾಗ: ಗುರುತಿಸುವುದು ಹೇಗೆ, ಚಿಕಿತ್ಸೆ ಏನು?

ಗಂಟಲು ನೋವಿನ ವಿಷಯದಲ್ಲಿ ನಮ್ಮಲ್ಲಿ ಎರಡು ಬಗೆಯ ತಪ್ಪುಗಳು ನಡೆಯುತ್ತವೆ. ಮೊದಲನೆಯದು ಆತುರದ್ದು. ನುಂಗುವಾಗ ಸ್ವಲ್ಪ ನೋವಾದ ಕೂಡಲೇ ಮೆಡಿಕಲ್ ಸ್ಟೋರಿಗೆ ಹೋಗಿ ಮೂರು ದಿನದ ಆಂಟಿಬಯೋಟಿಕ್ ಮಾತ್ರೆ ತಂದು ನುಂಗುತ್ತೇವೆ. ಎರಡನೆಯದು ತಡದ್ದು. ನೋವು ದಿನೇ ದಿನೇ ಏರಿ, ಬಾಯಿ ತೆರೆಯಲಾಗದೆ, ಎಂಜಲು ನುಂಗಲಾಗದೆ ಒದ್ದಾಡುವಾಗಲೂ ಒಂದು ಮಾತ್ರೆ ಬಿಟ್ಟು ಇನ್ನೊಂದು ಮಾತ್ರೆ ಹಿಡಿಯುತ್ತ ಮನೆಯಲ್ಲೇ ದಿನ ದೂಡುತ್ತೇವೆ. ಮೊದಲ ಸಂದರ್ಭದಲ್ಲಿ ಹೆಚ್ಚಿನವರಿಗೆ ಆ ಔಷಧದ ಅಗತ್ಯವೇ ಇರುವುದಿಲ್ಲ. ಎರಡನೆಯದರಲ್ಲಿ ಬೇಕಾಗಿರುವುದು ಬರೀ ಔಷಧವಲ್ಲ, ಟಾನ್ಸಿಲ್ ಪಕ್ಕದಲ್ಲಿ ಸೇರಿಕೊಂಡ ಕೀವನ್ನು ಹೊರತೆಗೆಯುವುದು. ಈ ಎರಡು ತಪ್ಪುಗಳಿಗೂ ಮೂಲ ಒಂದೇ: ನೋವು ಎಷ್ಟಿದೆ ಎಂಬುದನ್ನು ನಾವು ಅಳೆಯುತ್ತೇವೆ, ಅದು ಯಾವ ಬಗೆಯದು ಎಂದು ನೋಡುವುದಿಲ್ಲ. ಟಾನ್ಸಿಲ್ ಸುತ್ತಲಿನ ಸೋಂಕನ್ನು ಗುರುತಿಸಿಕೊಡುವುದು ನೋವಿನ ಪ್ರಮಾಣಕ್ಕಿಂತ ಹೆಚ್ಚಾಗಿ ಅದರ ಜತೆ ಬರುವ ನಾಲ್ಕೈದು ಲಕ್ಷಣಗಳು. ಅವನ್ನು ಕಂಡುಕೊಳ್ಳಲು ಯಾವ ಯಂತ್ರವೂ ಬೇಡ. ಮನೆಯವರೇ ಗಮನಿಸಬಹುದಾದಂಥವು ಅವು.

ಕೀವು ಸೇರುವುದು ಎಲ್ಲಿ?

ಬಾಯಿ ಅಗಲಿಸಿ ಕನ್ನಡಿಯಲ್ಲಿ ನೋಡಿಕೊಂಡರೆ, ಕಿರುನಾಲಿಗೆಯ ಎರಡೂ ಪಕ್ಕ, ನಾಲಿಗೆಯ ಬುಡದ ಹತ್ತಿರ ಎರಡು ಗಂಟುಗಳು ಕಾಣುತ್ತವೆ. ಅವೇ ಟಾನ್ಸಿಲ್‌ಗಳು. ಪ್ರತಿ ಟಾನ್ಸಿಲ್‌ನ ಹೊರಬದಿಗೆ ತೆಳುವಾದ ಒಂದು ಪೊರೆಯಿದೆ. ಆ ಪೊರೆಗೂ ಗಂಟಲಿನ ಗೋಡೆಯ ಸ್ನಾಯುವಿಗೂ ನಡುವೆ ಸಡಿಲವಾದ ಕಿರಿದಾದ ಜಾಗವಿದೆ. ಟಾನ್ಸಿಲ್‌ನ ಸೋಂಕು ಪೊರೆ ದಾಟಿ ಈ ಜಾಗಕ್ಕೆ ಬಂದರೆ ಮೊದಲು ಅಲ್ಲಿನ ಅಂಗಾಂಶ ಬಾತುಕೊಳ್ಳುತ್ತದೆ, ಆಮೇಲೆ ಕೀವು ಕಟ್ಟುತ್ತದೆ. ಹೆಚ್ಚಾಗಿ ಇದು ಟಾನ್ಸಿಲ್‌ನ ಮೇಲ್ತುದಿಯಲ್ಲಿ, ಮೃದು ಅಂಗುಳಿಗೆ ತಾಗಿದಂತೆ ಆಗುತ್ತದೆ. ಅಲ್ಲಿರುವ ಸಣ್ಣ ಜೊಲ್ಲುಗ್ರಂಥಿಗಳ ಸೋಂಕಿನಿಂದಲೂ ಇದು ಶುರುವಾಗಬಹುದು ಎಂಬ ಅಭಿಪ್ರಾಯವಿದೆ. ಟಾನ್ಸಿಲ್ ತೆಗೆಸಿಕೊಂಡವರಲ್ಲೂ ಅಪರೂಪಕ್ಕೆ ಇದು ಕಾಣಿಸಿಕೊಳ್ಳುವುದು ಆ ಅಭಿಪ್ರಾಯಕ್ಕೆ ಪುಷ್ಟಿ ಕೊಡುತ್ತದೆ. ದವಡೆಯನ್ನು ಮುಚ್ಚುವ ಒಂದು ಸ್ನಾಯು ಈ ಜಾಗದ ಆಚೆಗೇ ಹಾದುಹೋಗುತ್ತದೆ. ಉರಿಯೂತ ಅದಕ್ಕೂ ತಗುಲಿದಾಗ ಸ್ನಾಯು ಬಿಗಿದುಕೊಂಡು ಬಾಯಿ ಪೂರ್ತಿ ತೆರೆಯುವುದಿಲ್ಲ. ಸಾಮಾನ್ಯ ಗಂಟಲು ನೋವಿನಲ್ಲಿ ಎಷ್ಟೇ ನೋವಿದ್ದರೂ ದವಡೆ ಹೀಗೆ ಬಿಗಿಯುವುದಿಲ್ಲ. ಹಾಗಾಗಿ ಇಡೀ ರೋಗದಲ್ಲಿ ನಮ್ಮಂಥ ಸಾಮಾನ್ಯರಿಗೆ ಸಿಗುವ ಅತ್ಯಂತ ಉಪಯುಕ್ತ ಸುಳಿವು ಈ ಬಿಗಿತವೇ.

ರೋಗ ಸಾಮಾನ್ಯವಾಗಿ ಹೀಗೆ ಸಾಗುತ್ತದೆ. ಮೊದಲು ಎರಡೂ ಕಡೆ ಗಂಟಲು ನೋವು, ಜ್ವರ, ಮೈಕೈ ನೋವು ಇರುತ್ತವೆ. ಕೆಲವು ದಿನ ಕಳೆದ ಮೇಲೆ ನೋವು ಇಳಿಯಬೇಕಿತ್ತು. ಇಳಿಯುವ ಬದಲು ಅದು ಒಂದೇ ಪಕ್ಕಕ್ಕೆ ಸೇರಿಕೊಂಡು ತೀವ್ರವಾಗುತ್ತದೆ. ಅದೇ ಬದಿಯ ಕಿವಿಯೊಳಗೂ ನೋವು ಬಡಿಯುತ್ತದೆ, ಆದರೆ ಕಿವಿ ಪರೀಕ್ಷಿಸಿದರೆ ಅಲ್ಲೇನೂ ಇರುವುದಿಲ್ಲ. ನೀರು ಕುಡಿಯುವುದಕ್ಕೂ ಹೆದರಿಕೆಯಾಗುತ್ತದೆ. ಎಂಜಲನ್ನೇ ನುಂಗಲಾಗದೆ ಬಟ್ಟಲು ಅಥವಾ ಬಟ್ಟೆ ಹಿಡಿದುಕೊಂಡು ಕೂರುವಂತಾಗುತ್ತದೆ. ಬಾಯಿಯಲ್ಲಿ ಬಿಸಿ ತುತ್ತು ಇಟ್ಟುಕೊಂಡು ಮಾತಾಡಿದಂತೆ ಧ್ವನಿ ಮುಚ್ಚಿಕೊಳ್ಳುತ್ತದೆ. ಬಾಯಿ ದುರ್ವಾಸನೆ ಬರುತ್ತದೆ, ಕತ್ತಿನ ಆ ಬದಿಯ ಗ್ರಂಥಿಗಳು ಊದಿ ಮುಟ್ಟಿದರೆ ನೋಯುತ್ತವೆ. ಟಾರ್ಚ್ ಬೆಳಕಿನಲ್ಲಿ ನೋಡಲು ಸಾಧ್ಯವಾದರೆ ಒಂದು ಪಕ್ಕದ ಅಂಗುಳು ಕೆಂಪಾಗಿ ಉಬ್ಬಿರುವುದೂ, ಕಿರುನಾಲಿಗೆ ನಡುವಿನಲ್ಲಿರದೆ ಎದುರು ಬದಿಗೆ ತಳ್ಳಲ್ಪಟ್ಟಿರುವುದೂ ಕಾಣುತ್ತವೆ. ಒಂದೇ ಪಕ್ಕದ ನೋವು, ತೆರೆಯದ ಬಾಯಿ, ಬದಲಾದ ಧ್ವನಿ, ನುಂಗಲಾಗದ ಎಂಜಲು, ಪಕ್ಕಕ್ಕೆ ಸರಿದ ಕಿರುನಾಲಿಗೆ. ಇವುಗಳಲ್ಲಿ ಎರಡು ಒಟ್ಟಿಗೆ ಕಂಡರೂ ಅದೇ ದಿನ ಕಿವಿ-ಮೂಗು-ಗಂಟಲು ತಜ್ಞರ ಬಳಿ ಹೋಗಬೇಕು. ಹದಿಹರೆಯದವರಲ್ಲೂ ನಲವತ್ತರ ಒಳಗಿನವರಲ್ಲೂ ಈ ರೋಗ ಹೆಚ್ಚು. ಧೂಮಪಾನಿಗಳಲ್ಲಿ ಇದರ ಸಾಧ್ಯತೆ ಇನ್ನೂ ಜಾಸ್ತಿ. ಹಾಗಾಗಿ "ಗಟ್ಟಿಮುಟ್ಟಾದ ಹುಡುಗ, ಏನಾಗುತ್ತೆ" ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು.

ಮೂರು ಬೆರಳಿನ ಪರೀಕ್ಷೆ

ಬಾಯಿ ಎಷ್ಟು ತೆರೆಯುತ್ತದೆ ಎಂದು ಅಳೆಯಲು ಸುಲಭವಾದ ದಾರಿಯಿದೆ. ಆರೋಗ್ಯವಂತರಲ್ಲಿ ಹೆಚ್ಚಿನವರು ತಮ್ಮದೇ ಕೈಯ ಮೂರು ಬೆರಳುಗಳನ್ನು ಒಂದರ ಮೇಲೊಂದು ನಿಲ್ಲಿಸಿ ಮೇಲಿನ ಮತ್ತು ಕೆಳಗಿನ ಮುಂಭಾಗದ ಹಲ್ಲುಗಳ ನಡುವೆ ತೂರಿಸಬಲ್ಲರು. ಮಕ್ಕಳಾದರೆ ಅವರ ಕೈಬೆರಳೇ ಅಳತೆ. ಗಂಟಲು ನೋವು, ಜ್ವರ ಇರುವವರಿಗೆ ಎರಡು ಬೆರಳೂ ಹಿಡಿಸದಿದ್ದರೆ, ಮೊನ್ನೆ ಮೊನ್ನೆಯವರೆಗೆ ಬಾಯಿ ಸರಿಯಾಗಿ ತೆರೆಯುತ್ತಿದ್ದರೆ, ಕೀವು ಕಟ್ಟಿರುವ ಸಂಶಯ ಬಲವಾಗುತ್ತದೆ. ಕರ್ನಾಟಕದ ಓದುಗರು ಇಲ್ಲಿ ಒಂದು ವಿಷಯ ಗಮನಿಸಬೇಕು. ಅಡಿಕೆ, ಗುಟ್ಕಾ, ಮಾವಾ ಜಗಿಯುವ ಅನೇಕರಿಗೆ ಬಾಯಿಯ ಒಳಚರ್ಮ ಗಡುಸಾಗಿ ಬಾಯಿ ತೆರೆಯುವುದು ಮೊದಲೇ ಕಡಿಮೆಯಾಗಿರುತ್ತದೆ. ಆ ಬಿಗಿತ ತಿಂಗಳು, ವರ್ಷಗಳಲ್ಲಿ ನಿಧಾನವಾಗಿ ಬಂದದ್ದು. ಅದರಲ್ಲಿ ಜ್ವರ ಇರುವುದಿಲ್ಲ, ಖಾರ ತಿಂದರೆ ಉರಿ ಇರುತ್ತದೆ. ಟಾನ್ಸಿಲ್ ಪಕ್ಕದ ಕೀವಿನ ಬಿಗಿತ ಒಂದೆರಡು ದಿನದಲ್ಲಿ ಬರುತ್ತದೆ. ಆದರೆ ಅಡಿಕೆ ಜಗಿಯುವವರಿಗೂ ಈ ಕೀವು ಕಟ್ಟಬಹುದು. ಅವರು "ನನ್ನ ಬಾಯಿ ಮೊದಲಿಂದಲೂ ಹೀಗೇ" ಎಂದು ಹೊಸ ಬಿಗಿತವನ್ನು ಕಡೆಗಣಿಸುವ ಅಪಾಯ ಹೆಚ್ಚು. ಕೆಳದವಡೆಯ ಕೊನೆಯ ಹಲ್ಲಿನ ಸೋಂಕಿನಿಂದಲೂ ಬಾಯಿ ಬಿಗಿಯಬಹುದು. ಆಗ ನೋವು ಹಲ್ಲಿನ ಬುಡದಲ್ಲಿ, ಕೆನ್ನೆಯಲ್ಲಿ ಇರುತ್ತದೆ. ಅದು ಕೆಳಗಿಳಿದು ಗದ್ದದಡಿ ಗಟ್ಟಿಯಾಗಿ ಊದಿ ನಾಲಿಗೆಯನ್ನು ಮೇಲಕ್ಕೆ ದೂಡಲು ಶುರುಮಾಡಿದರೆ ಅದೂ ತುರ್ತು ಸ್ಥಿತಿಯೇ.

ಇದೇ ರೋಗದಂತೆ ತೋರುವ ಬೇರೆ ಕೆಲವು ಕಾಯಿಲೆಗಳೂ ಇವೆ. ಅವುಗಳ ಚಿಕಿತ್ಸೆ ಬೇರೆಯಾದ್ದರಿಂದ ವೈದ್ಯರ ಕಣ್ಣು ಬೇಕೇ ಬೇಕು. ಎಪ್‌ಸ್ಟೈನ್-ಬಾರ್ ವೈರಸ್ಸಿನ ಜ್ವರದಲ್ಲಿ ಎರಡೂ ಟಾನ್ಸಿಲ್ ದೊಡ್ಡದಾಗಿ ಬಿಳಿ ಲೇಪ ಹಿಡಿಯುತ್ತವೆ, ಕತ್ತಿನ ಗ್ರಂಥಿಗಳು ಊದುತ್ತವೆ, ಆಯಾಸ ವಾರಗಟ್ಟಲೆ ಕಾಡುತ್ತದೆ. ಇದಕ್ಕೆ ಅಮಾಕ್ಸಿಸಿಲಿನ್ ಕೊಟ್ಟರೆ ಎಷ್ಟೋ ಜನರ ಮೈತುಂಬ ಕೆಂಪು ದದ್ದು ಏಳುತ್ತದೆ. ಗಂಟಲಮಾರಿಯಲ್ಲಿ, ಅಂದರೆ ಡಿಫ್ತೀರಿಯಾದಲ್ಲಿ, ಟಾನ್ಸಿಲ್ ಮೇಲೆ ಬೂದು ಬಣ್ಣದ ಪೊರೆ ಅಂಟಿಕೊಂಡಿರುತ್ತದೆ, ಕೆರೆದರೆ ರಕ್ತ ಬರುತ್ತದೆ, ಕತ್ತು ಊದಿಕೊಳ್ಳುತ್ತದೆ. ಲಸಿಕೆ ತಪ್ಪಿದವರಲ್ಲಿ ಇದು ಇಂದಿಗೂ ಜೀವ ತೆಗೆಯಬಲ್ಲದು. ಶೈಶವದ ಪೆಂಟಾವೇಲೆಂಟ್, ಆಮೇಲಿನ ಡಿಪಿಟಿ ಬೂಸ್ಟರ್‌ಗಳಷ್ಟೇ ಅಲ್ಲ, 10 ಮತ್ತು 16ನೇ ವಯಸ್ಸಿನ ಟಿಡಿ ಲಸಿಕೆಯನ್ನೂ ಮರೆಯದೆ ಹಾಕಿಸಬೇಕು. ಐದು ವರ್ಷದೊಳಗಿನ ಮಗುವಿಗೆ ಜ್ವರ ಬಂದು, ಕತ್ತು ತಿರುಗಿಸಲಾಗದೆ, ಊಟ ಬಿಟ್ಟಿದ್ದರೆ ಕೀವು ಗಂಟಲಿನ ಹಿಂಗೋಡೆಯಲ್ಲಿ ಸೇರಿರಬಹುದು. ಮಗು ಮುಂದಕ್ಕೆ ಬಾಗಿ ಕೂತು, ಜೊಲ್ಲು ಸುರಿಸುತ್ತ, ಉಸಿರಿಗೆ ಕಷ್ಟಪಡುತ್ತಿದ್ದರೆ ಚಮಚೆ ಹಾಕಿ ಗಂಟಲು ನೋಡುವ ಪ್ರಯತ್ನ ಖಂಡಿತ ಬೇಡ, ಅದರಿಂದ ಉಸಿರುದಾರಿ ಪೂರ್ತಿ ಮುಚ್ಚಿಹೋಗಬಹುದು. ನಲವತ್ತು ದಾಟಿದ, ತಂಬಾಕು ಬಳಸುವವರಿಗೆ ಜ್ವರವಿಲ್ಲದೆ ಒಂದೇ ಟಾನ್ಸಿಲ್ ಮೂರು ವಾರಕ್ಕೂ ಹೆಚ್ಚು ದೊಡ್ಡದಾಗಿಯೇ ಉಳಿದರೆ ಕ್ಯಾನ್ಸರ್ ಅಲ್ಲವೆಂದು ಖಚಿತಪಡಿಸಿಕೊಳ್ಳಲೇಬೇಕು.

ವೈದ್ಯರು ಏನು ಮಾಡುತ್ತಾರೆ?

ಸ್ಕ್ಯಾನ್ ಇಲ್ಲದೆ ಇದನ್ನು ಪತ್ತೆ ಮಾಡಲಾಗದು, ಹಾಗಾಗಿ ದೊಡ್ಡ ಊರಿಗೇ ಹೋಗಬೇಕು ಎಂಬ ನಂಬಿಕೆ ಹಲವರಲ್ಲಿದೆ. ಅದರಿಂದಲೇ ಚಿಕಿತ್ಸೆ ತಡವಾಗುತ್ತದೆ. ಅನುಭವಿ ವೈದ್ಯರು ಹೆಚ್ಚಿನ ರೋಗಿಗಳಲ್ಲಿ ಬಾಯಿ ನೋಡಿಯೇ ಇದನ್ನು ಗುರುತಿಸುತ್ತಾರೆ. ಉಬ್ಬಿದ ಜಾಗಕ್ಕೆ ಅರಿವಳಿಕೆ ಸಿಂಪಡಿಸಿ, ಚುಚ್ಚಿ, ಸೂಜಿಯಿಂದ ಎಳೆದಾಗ ಕೀವು ಬಂದರೆ ರೋಗ ಯಾವುದೆಂಬುದೂ ತಿಳಿಯಿತು, ಚಿಕಿತ್ಸೆಯ ಮುಖ್ಯ ಭಾಗವೂ ಮುಗಿಯಿತು. ಕೀವು ಕಟ್ಟಿದೆಯೋ, ಬರೀ ಬಾವು ಬಂದಿದೆಯೋ ಎಂದು ಅನುಮಾನವಿದ್ದಾಗ ಅಲ್ಟ್ರಾಸೌಂಡ್ ನೆರವಾಗುತ್ತದೆ. ಬಾಯಿ ಒಂದಿಷ್ಟೂ ತೆರೆಯದಿದ್ದರೆ, ಕತ್ತು ಹೊರಗಿನಿಂದ ಊದಿದ್ದರೆ, ಕೀವು ಕತ್ತಿನ ಆಳಕ್ಕೆ ಇಳಿದ ಸಂಶಯವಿದ್ದರೆ ಸಿಟಿ ಸ್ಕ್ಯಾನ್ ಬೇಕಾಗುತ್ತದೆ. ಇದು ಎಲ್ಲರಿಗೂ ಮಾಡಿಸಲೇಬೇಕಾದ ಪರೀಕ್ಷೆಯಲ್ಲ. ಸಕ್ಕರೆ ಕಾಯಿಲೆ ಇದೆಯೇ ಎಂಬುದನ್ನು ಮಾತ್ರ ಎಲ್ಲ ವಯಸ್ಕರಲ್ಲೂ ನೋಡುವುದು ಒಳ್ಳೆಯದು. ಸಕ್ಕರೆ ಹತೋಟಿಯಲ್ಲಿಲ್ಲದವರಲ್ಲಿ ಕತ್ತಿನ ಆಳದ ಸೋಂಕು ಬೇಗ ಹರಡುತ್ತದೆ, ಅದಕ್ಕೆ ಕಾರಣವಾಗುವ ಬ್ಯಾಕ್ಟೀರಿಯಾಗಳೂ ಬೇರೆಯಿರಬಹುದು.

ಕೀವು ಕಟ್ಟಿದ ಮೇಲೆ ಅದನ್ನು ಹೊರತೆಗೆಯುವುದು ಏಕೆ ಮುಖ್ಯ? ಬೆರಳಿಗೆ ಮುಳ್ಳು ಹೊಕ್ಕು ಕೀವು ತುಂಬಿದಾಗ ಮಾತ್ರೆ ನುಂಗುತ್ತ ಕೂತರೆ ನೋವು ಇಳಿಯದು, ಕೀವು ಹೊರಬಂದ ಗಳಿಗೆಯೇ ಹಾಯೆನಿಸುತ್ತದೆ. ಗಂಟಲಿನಲ್ಲೂ ಹಾಗೆಯೇ. ಕೀವಿನ ಗೂಡಿನೊಳಗೆ ರಕ್ತನಾಳಗಳಿಲ್ಲದ್ದರಿಂದ ರಕ್ತದಲ್ಲಿ ಬರುವ ಔಷಧ ಅಲ್ಲಿಗೆ ಸಾಕಷ್ಟು ತಲುಪುವುದಿಲ್ಲ. ಅದನ್ನು ಹೊರತೆಗೆಯಲು ಮೂರು ದಾರಿಗಳಿವೆ. ಸೂಜಿಯಿಂದ ಎಳೆಯುವುದು ಒಂದು, ಸಣ್ಣದಾಗಿ ಕೊಯ್ದು ಹರಿಯಬಿಡುವುದು ಇನ್ನೊಂದು, ಅದೇ ಸಮಯಕ್ಕೆ ಟಾನ್ಸಿಲನ್ನೇ ತೆಗೆಯುವುದು ಮೂರನೆಯದು. ಸೂಜಿಯ ವಿಧಾನದಲ್ಲಿ ನೋವು ಕಡಿಮೆ. ಆದರೆ ಕೆಲವರಲ್ಲಿ ಒಂದೆರಡು ದಿನಕ್ಕೆ ಕೀವು ಮತ್ತೆ ಸೇರಿ ಇನ್ನೊಮ್ಮೆ ಎಳೆಯಬೇಕಾಗುತ್ತದೆ. ಕೊಯ್ದರೆ ಹಾಗಾಗುವ ಸಂಭವ ಕಡಿಮೆ ಇರಬಹುದು ಎಂದು 2016ರ ಕಾಕ್ರೇನ್ ವಿಮರ್ಶೆ ಹೇಳಿದೆ. ಆದರೆ ತಾನು ಪರಿಶೀಲಿಸಿದ ಅಧ್ಯಯನಗಳ ಗುಣಮಟ್ಟ ತೀರಾ ಕಡಿಮೆ ಎಂದೂ ಅದೇ ವಿಮರ್ಶೆ ಸ್ಪಷ್ಟಪಡಿಸಿದೆ. ಆದ್ದರಿಂದ ಈ ಎರಡರಲ್ಲಿ ಯಾವುದು ಎಂಬುದನ್ನು ವೈದ್ಯರ ಅನುಭವಕ್ಕೂ ರೋಗಿಯ ಸ್ಥಿತಿಗೂ ಬಿಡುವುದು ಸರಿ. ಟಾನ್ಸಿಲ್ ತೆಗೆಯುವ ಮೂರನೆಯ ದಾರಿ, ಅರಿವಳಿಕೆ ಕೊಟ್ಟೇ ಕೀವು ತೆಗೆಯಬೇಕಾದ ಮಕ್ಕಳಿಗೆ ಅಥವಾ ಮೊದಲಿಂದಲೂ ಪದೇ ಪದೇ ಟಾನ್ಸಿಲ್ ಕಾಟ ಅನುಭವಿಸಿದವರಿಗೆ ಹೊಂದುತ್ತದೆ.

ಗಂಟಲಿಗೆ ಸೂಜಿ ಹಾಕುತ್ತಾರೆಂದರೆ ಯಾರಿಗಾದರೂ ಹೆದರಿಕೆಯಾಗುತ್ತದೆ. ಅದಕ್ಕೆ ಕಾರಣವೂ ಇದೆ. ಮಿದುಳಿಗೆ ರಕ್ತ ಒಯ್ಯುವ ದೊಡ್ಡ ರಕ್ತನಾಳ ಟಾನ್ಸಿಲ್‌ನ ಹಿಂದೆ, ಹೊರಬದಿಗೆ, ಸುಮಾರು ಎರಡರಿಂದ ಎರಡೂವರೆ ಸೆಂಟಿಮೀಟರ್ ದೂರದಲ್ಲಿ ಹಾದುಹೋಗುತ್ತದೆ. ಅದಕ್ಕಾಗಿಯೇ ವೈದ್ಯರು ಸೂಜಿಯ ಮುಚ್ಚಳದ ತುದಿ ಕತ್ತರಿಸಿ, ಸುಮಾರು ಒಂದು ಸೆಂಟಿಮೀಟರ್ ಮಾತ್ರ ಹೊರಗುಳಿಯುವಂತೆ ಸೂಜಿಗೆ ತೊಡಿಸುತ್ತಾರೆ. ಹಾಗಾಗಿ ಸೂಜಿ ಬೇಕಿದ್ದಕ್ಕಿಂತ ಆಳಕ್ಕೆ ಹೋಗುವುದೇ ಇಲ್ಲ. ತಿಳಿದವರ ಕೈಯಲ್ಲಿ ಇದು ಕೆಲವೇ ನಿಮಿಷದ ಸುರಕ್ಷಿತ ಕೆಲಸ. ಮನೆಯಲ್ಲಿ ಬೆರಳು, ಕಡ್ಡಿ, ಪಿನ್ನಿನಿಂದ ಒಡೆಯಲು ಹೋಗುವುದು ಮಾತ್ರ ಜೀವಕ್ಕೇ ಅಪಾಯ. ಒಡೆದ ಕೀವು ಶ್ವಾಸನಾಳಕ್ಕೆ ಇಳಿದರೂ ಅಷ್ಟೇ ಅಪಾಯ. ಕೀವು ಹೊರಬಂದ ಕೆಲವೇ ಗಂಟೆಗಳಲ್ಲಿ ಹೆಚ್ಚಿನವರು ನೀರು ಕುಡಿಯುವಂತಾಗುತ್ತಾರೆ. ಜತೆಗೆ ಆಂಟಿಬಯೋಟಿಕ್ ಸಾಮಾನ್ಯವಾಗಿ 10ರಿಂದ 14 ದಿನ ಬೇಕು. ಈ ಕೀವಿನಲ್ಲಿ ಒಂದೇ ಜಾತಿಯ ರೋಗಾಣು ಇರುವುದು ಕಡಿಮೆ. ಎ ಗುಂಪಿನ ಸ್ಟ್ರೆಪ್ಟೊಕಾಕಸ್ ಜತೆ ಆಮ್ಲಜನಕವಿಲ್ಲದೆ ಬೆಳೆಯುವ ಫ್ಯೂಸೊಬ್ಯಾಕ್ಟೀರಿಯಂ, ಪ್ರಿವೊಟೆಲ್ಲಾ ಮುಂತಾದವೂ ಸೇರಿರುತ್ತವೆ. ಅದಕ್ಕೇ ಅಮಾಕ್ಸಿಸಿಲಿನ್-ಕ್ಲಾವುಲನೇಟ್, ಅಥವಾ ಪೆನಿಸಿಲಿನ್ ಜತೆ ಮೆಟ್ರೊನಿಡಜೋಲ್, ಪೆನಿಸಿಲಿನ್ ಒಗ್ಗದವರಿಗೆ ಕ್ಲಿಂಡಾಮೈಸಿನ್ ಬಳಸುತ್ತಾರೆ. ನೋವು, ಬಿಗಿತ ಬೇಗ ಇಳಿಯಲೆಂದು ಒಂದು ಡೋಸ್ ಸ್ಟೀರಾಯ್ಡ್ ಕೊಡುವುದೂ ಇದೆ. ಸಕ್ಕರೆ ಕಾಯಿಲೆ ಇರುವವರು ಇದನ್ನು ಮೊದಲೇ ತಿಳಿಸಬೇಕು. ಎರಡು ದಿನದಿಂದ ಏನೂ ಕುಡಿಯದವರಿಗೆ ರಕ್ತನಾಳದ ಮೂಲಕ ದ್ರವ ಹಾಕಬೇಕಾಗುತ್ತದೆ.

"ಮೊದಲೇ ಆಂಟಿಬಯೋಟಿಕ್ ತೆಗೆದುಕೊಂಡರೆ ಇದನ್ನು ತಡೆಯಬಹುದಲ್ಲ?"

ಇದು ನ್ಯಾಯವಾದ ಪ್ರಶ್ನೆ. ಗಂಟಲು ನೋವಿಗೆ ಆಂಟಿಬಯೋಟಿಕ್ ಕೊಟ್ಟರೆ ಟಾನ್ಸಿಲ್ ಪಕ್ಕದ ಕೀವು ಸ್ವಲ್ಪ ಮಟ್ಟಿಗೆ ಕಡಿಮೆಯಾಗುತ್ತದೆ ಎಂಬುದು ನಿಜ. ಪ್ರಶ್ನೆ ಇರುವುದು ಅದಕ್ಕೆ ಎಷ್ಟು ಬೆಲೆ ತೆರುತ್ತೇವೆ ಎಂಬುದರಲ್ಲಿ. ಬ್ರಿಟನ್ನಿನ ಕುಟುಂಬ ವೈದ್ಯರ ದಾಖಲೆಗಳಲ್ಲಿ 30 ಲಕ್ಷಕ್ಕೂ ಹೆಚ್ಚು ಉಸಿರಾಟದ ಸೋಂಕಿನ ಪ್ರಕರಣಗಳನ್ನು ಪರಿಶೀಲಿಸಿ 2007ರಲ್ಲಿ ಪ್ರಕಟವಾದ ಅಧ್ಯಯನ ಒಂದು ಲೆಕ್ಕ ಕೊಟ್ಟಿತು. ಗಂಟಲು ನೋವಿನ ನಂತರದ ಒಂದು ಗಂಭೀರ ತೊಡಕನ್ನು ತಡೆಯಲು ನಾಲ್ಕು ಸಾವಿರಕ್ಕೂ ಹೆಚ್ಚು ಜನರಿಗೆ ಆಂಟಿಬಯೋಟಿಕ್ ಕೊಡಬೇಕಾಗುತ್ತದೆ. ಆ ನಾಲ್ಕು ಸಾವಿರ ಜನರಲ್ಲಿ ಎಷ್ಟೋ ಮಂದಿಗೆ ಭೇದಿ, ದದ್ದು, ಅಲರ್ಜಿ ಬರುತ್ತವೆ, ಎಲ್ಲರ ದೇಹದಲ್ಲೂ ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾಗಳು ಬೆಳೆಯಲು ಅವಕಾಶ ಸಿಗುತ್ತದೆ. ವಯಸ್ಕರ ಗಂಟಲು ನೋವಿನಲ್ಲಿ ಬಹುಪಾಲು ವೈರಸ್‌ನಿಂದ ಬಂದದ್ದು, ಅದರ ಮೇಲೆ ಆಂಟಿಬಯೋಟಿಕ್ ಕೆಲಸ ಮಾಡುವುದೇ ಇಲ್ಲ. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿದ ಇನ್ನೊಂದು ಕಾಕ್ರೇನ್ ವಿಮರ್ಶೆಯ ಪ್ರಕಾರ ಆಂಟಿಬಯೋಟಿಕ್ ಗಂಟಲು ನೋವಿನ ಅವಧಿಯನ್ನು ಸರಾಸರಿ 16 ಗಂಟೆಯಷ್ಟು ಮಾತ್ರ ಕಡಿಮೆ ಮಾಡುತ್ತದೆ. ಔಷಧವಿಲ್ಲದೆಯೂ ಹತ್ತರಲ್ಲಿ ಎಂಟು ಜನ ಒಂದು ವಾರದಲ್ಲಿ ಗುಣವಾಗುತ್ತಾರೆ. ಇನ್ನೊಂದು ತೊಡಕೂ ಇದೆ. ನಮ್ಮಲ್ಲಿ ಗಂಟಲು ನೋವಿಗೆ ತಾವೇ ಕೊಂಡು ನುಂಗುವ ಅಜಿತ್ರೊಮೈಸಿನ್, ಈ ಕೀವಿನಲ್ಲಿ ಪ್ರಮುಖ ಪಾತ್ರ ವಹಿಸುವ ಫ್ಯೂಸೊಬ್ಯಾಕ್ಟೀರಿಯಂ ಮೇಲೆ ನಂಬಲರ್ಹವಾಗಿ ಕೆಲಸ ಮಾಡುವುದಿಲ್ಲ. ಅಂದರೆ ಮುನ್ನೆಚ್ಚರಿಕೆ ಎಂದುಕೊಂಡು ನುಂಗಿದ ಮಾತ್ರೆ ಆ ಮುನ್ನೆಚ್ಚರಿಕೆಯನ್ನೂ ಕೊಡುವುದಿಲ್ಲ. ಬದಲಿಗೆ "ಔಷಧ ತೆಗೆದುಕೊಂಡಿದ್ದೇನಲ್ಲ" ಎಂಬ ಸಮಾಧಾನದಲ್ಲಿ ಇನ್ನೆರಡು ದಿನ ತಡವಾಗುತ್ತದೆ.

ಹಾಗೆಂದು ಗಂಟಲು ನೋವಿಗೆ ಆಂಟಿಬಯೋಟಿಕ್ ಯಾವತ್ತೂ ಬೇಡ ಎಂದು ನಾನು ವಾದಿಸುತ್ತಿಲ್ಲ. ಬ್ರಿಟನ್ನಿನ ಲೆಕ್ಕವನ್ನು ಭಾರತಕ್ಕೆ ಹಾಗೆಯೇ ತಂದರೆ ತಪ್ಪಾಗುತ್ತದೆ ಎಂಬ ಆಕ್ಷೇಪದಲ್ಲಿ ತಿರುಳಿದೆ. ನಮ್ಮಲ್ಲಿ ರುಮ್ಯಾಟಿಕ್ ಜ್ವರ ಇನ್ನೂ ಇದೆ. ಸ್ಟ್ರೆಪ್ಟೊಕಾಕಸ್ ಗಂಟಲು ನೋವು ಬಂದು ಹೋದ ಕೆಲವು ವಾರಗಳಲ್ಲಿ ಕೀಲು ಊದಿ, ಹೃದಯದ ಕವಾಟಗಳಿಗೆ ಶಾಶ್ವತ ಹಾನಿ ಮಾಡುವ ಈ ರೋಗ ಹೆಚ್ಚಾಗಿ 5ರಿಂದ 15 ವರ್ಷದ ಮಕ್ಕಳನ್ನು ಹಿಡಿಯುತ್ತದೆ. ಆದ್ದರಿಂದ ಆ ವಯಸ್ಸಿನ ಮಕ್ಕಳ ಗಂಟಲು ನೋವನ್ನು ವೈದ್ಯರಿಗೆ ತೋರಿಸಲೇಬೇಕು. ಜ್ವರ ಇರುವುದು, ಕೆಮ್ಮು ಇಲ್ಲದಿರುವುದು, ಟಾನ್ಸಿಲ್ ಮೇಲೆ ಬಿಳಿ ಕೀವಿನ ಚುಕ್ಕೆಗಳಿರುವುದು, ಕತ್ತಿನ ಮುಂಭಾಗದ ಗ್ರಂಥಿ ಊದಿ ನೋಯುವುದು ಈ ನಾಲ್ಕನ್ನು ವೈದ್ಯರು ನೋಡುತ್ತಾರೆ. ಅಮೆರಿಕದ ವೈದ್ಯ ರಾಬರ್ಟ್ ಸೆಂಟರ್ 1981ರಲ್ಲಿ ವಯಸ್ಕ ರೋಗಿಗಳನ್ನು ನೋಡಿ ಈ ಲೆಕ್ಕಾಚಾರ ಪ್ರಕಟಿಸಿದರು, ಮುಂದೆ ಅದನ್ನು ಮಕ್ಕಳ ವಯಸ್ಸಿಗೂ ಹೊಂದಿಸಲಾಯಿತು. ನಾಲ್ಕೂ ಇದ್ದರೂ ಸ್ಟ್ರೆಪ್ಟೊಕಾಕಸ್ ಇರುವ ಸಂಭವ ಹೆಚ್ಚುಕಡಿಮೆ ಅರ್ಧದಷ್ಟೇ, ಒಂದೂ ಇಲ್ಲದಿದ್ದರೆ ತೀರಾ ಕಡಿಮೆ. ಸ್ಟ್ರೆಪ್ಟೊಕಾಕಸ್ ಎಂದು ವೈದ್ಯರು ನಿರ್ಧರಿಸಿದರೆ ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್ 10 ದಿನ ಪೂರ್ತಿ ಕೊಡಬೇಕು. ಈ ರೋಗಾಣು ಪೆನಿಸಿಲಿನ್‌ಗೆ ಇಂದಿಗೂ ಬಗ್ಗುತ್ತದೆ ಎಂಬುದು ನಮ್ಮ ಪಾಲಿನ ದೊಡ್ಡ ಅದೃಷ್ಟ. ಗಂಟಲು ನೋವು ಶುರುವಾದ ಒಂಬತ್ತು ದಿನದೊಳಗೆ ಔಷಧ ಆರಂಭಿಸಿದರೂ ರುಮ್ಯಾಟಿಕ್ ಜ್ವರವನ್ನು ತಡೆಯಬಹುದು. ವೈದ್ಯರನ್ನು ಕಂಡು ನಿರ್ಧರಿಸಲು ಸಮಯವಿದೆ, ಅಂಗಡಿಗೆ ಓಡುವ ಆತುರ ಬೇಕಿಲ್ಲ.

ಇನ್ನೊಂದು ಆಕ್ಷೇಪ ವೈದ್ಯರ ವಲಯದಿಂದಲೇ ಬರುತ್ತದೆ. ಕೀವು ಸ್ವಲ್ಪವೇ ಇದ್ದಾಗ, ಉಸಿರಾಟಕ್ಕೆ ತೊಂದರೆ ಇಲ್ಲದಿದ್ದಾಗ, ಸೂಜಿ ಹಾಕದೆ ಔಷಧದಲ್ಲೇ ಗುಣಪಡಿಸಿದ ವರದಿಗಳಿವೆ. ಹಾಗಿದ್ದರೆ ಸೂಜಿಯ ಮೇಲೆ ಇಷ್ಟು ಒತ್ತು ಏಕೆ ಎಂಬುದು ಆ ಪ್ರಶ್ನೆ. ವರದಿಗಳು ನಿಜ. ಕೀವು ಕಟ್ಟದೆ ಬರೀ ಬಾವಿನ ಹಂತದಲ್ಲಿರುವವರಿಗೂ ರಕ್ತನಾಳದ ಮೂಲಕ ಆಂಟಿಬಯೋಟಿಕ್ ಕೊಟ್ಟು ಒಂದೆರಡು ದಿನ ಕಾದು ನೋಡುವುದು ಒಪ್ಪಿತವಾದ ಕ್ರಮವೇ. ಆದರೆ ಹಾಗೆ ಕಾಯುವುದು ಗಂಟಲನ್ನು ಪರೀಕ್ಷಿಸಿದ ವೈದ್ಯರ ಕಣ್ಗಾವಲಿನಲ್ಲಿ. ಸುಧಾರಿಸದಿದ್ದರೆ ಕೀವು ತೆಗೆಯುವ ಸಿದ್ಧತೆ ಪಕ್ಕದಲ್ಲೇ ಇರುತ್ತದೆ. ಮನೆಯಲ್ಲಿ ಕೂತು ಮಾತ್ರೆ ನುಂಗಿ ಕಾಯುವುದಕ್ಕೂ ಅದಕ್ಕೂ ಅಜಗಜಾಂತರ. ಆ ಅಧ್ಯಯನಗಳು ಯಾರಿಗೆ ಸೂಜಿ ಬೇಡ ಎಂದು ವೈದ್ಯರು ತೀರ್ಮಾನಿಸಬಹುದೆಂದು ತೋರಿಸುತ್ತವೆ. ಯಾರು ಆಸ್ಪತ್ರೆಗೆ ಹೋಗದಿರಬಹುದು ಎಂದು ಅವು ಹೇಳುವುದಿಲ್ಲ.

ಮನೆಮದ್ದಿನ ಮಿತಿ

ಮನೆಮದ್ದನ್ನು ತಳ್ಳಿಹಾಕುವ ಅಗತ್ಯವಿಲ್ಲ. ಸಾಮಾನ್ಯ ಗಂಟಲು ನೋವಿಗೆ ಒಂದು ಲೋಟ ಬೆಚ್ಚನೆ ನೀರಿಗೆ ಅರ್ಧ ಟೀ ಚಮಚ ಉಪ್ಪು ಹಾಕಿ ದಿನಕ್ಕೆ ಹಲವು ಸಲ ಮುಕ್ಕಳಿಸುವುದು, ಕಾಳುಮೆಣಸಿನ ಕಷಾಯ, ಅರಿಸಿನದ ಹಾಲು, ಒಂದು ವರ್ಷ ದಾಟಿದವರಿಗೆ ಜೇನುತುಪ್ಪ ಇವೆಲ್ಲ ಹಿತ ಕೊಡುತ್ತವೆ. ನೋವು, ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಮಕ್ಕಳಿಗೆ ಅದನ್ನು ತೂಕಕ್ಕೆ ತಕ್ಕಂತೆ ಕೊಡಬೇಕು, ಆಸ್ಪಿರಿನ್ ಕೊಡಬಾರದು. ಗಂಜಿ, ಮಜ್ಜಿಗೆ, ರಾಗಿ ಅಂಬಲಿಯಂಥ ತೆಳು ಆಹಾರ ಒಳ್ಳೆಯದು. ಆದರೆ ಇವು ನೋವು ತಾಳಿಕೊಳ್ಳಲು ನೆರವಾಗುತ್ತವೆಯೇ ಹೊರತು ಸೇರಿದ ಕೀವನ್ನು ಕರಗಿಸುವುದಿಲ್ಲ. ಕೆಲವು ರೂಢಿಗಳನ್ನು ಬಿಡಲೇಬೇಕು. ಕಿರುನಾಲಿಗೆ ಇಳಿದಿದೆ ಎಂದು ಬೆರಳಿಗೆ ಉಪ್ಪು, ಮೆಣಸು ಹಚ್ಚಿ ಅದನ್ನು ಎತ್ತುವುದು, ಊದಿದ ಟಾನ್ಸಿಲನ್ನು ಒತ್ತಿಸುವುದು, ಕತ್ತಿನ ಮೇಲೆ ಸುಣ್ಣ ಬಳಿದು ಚರ್ಮ ಸುಡಿಸಿಕೊಳ್ಳುವುದು ಅಂಥವು. ಕೀವು ಕಟ್ಟಿದ ಗಂಟಲಿನಲ್ಲಿ ಕಿರುನಾಲಿಗೆ ಜಾಗ ಬಿಟ್ಟಿರುವುದು ಪಕ್ಕದ ಒತ್ತಡದಿಂದ. ಅದನ್ನು ಎತ್ತುವ ಪ್ರಯತ್ನದಲ್ಲಿ ಕೀವು ಒಡೆದು ಶ್ವಾಸನಾಳಕ್ಕೆ ಹೋದರೆ ಉಸಿರೇ ಕಟ್ಟಬಹುದು. ಹಿರಿಯರು ಕೊಟ್ಟ ಕಷಾಯವನ್ನು ಗೌರವದಿಂದ ಕುಡಿಯೋಣ, ಕಷಾಯವೂ ಇಳಿಯದಂಥ ಗಂಟಲನ್ನು ಮಾತ್ರ ಡಾಕ್ಟರಿಗೆ ತೋರಿಸೋಣ.

ತಡಮಾಡಿದರೆ ಏನಾಗುತ್ತದೆ ಎಂಬುದನ್ನೂ ಹೇಳಬೇಕು. ಕೀವು ಪಕ್ಕದ ಜಾಗಗಳಿಗೆ ಹರಡಿ, ಅಲ್ಲಿಂದ ಕತ್ತಿನ ಪದರಗಳ ನಡುವೆ ಎದೆಗೂಡಿನವರೆಗೆ ಇಳಿಯಬಹುದು. ಗಂಟಲು ಒಳಗಿಂದ ಊದಿ ಉಸಿರುದಾರಿ ಕಿರಿದಾಗಬಹುದು. ಕತ್ತಿನ ದೊಡ್ಡ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿ, ಸೋಂಕಿನ ತುಣುಕುಗಳು ಶ್ವಾಸಕೋಶಕ್ಕೆ ಹೋಗಿ ಕೂರುವುದೂ ಉಂಟು. ಫ್ರಾನ್ಸಿನ ವೈದ್ಯ ಆಂದ್ರೆ ಲೆಮಿಯೇರ್ 1936ರಲ್ಲಿ ಇಂಥ 20 ರೋಗಿಗಳ ಬಗ್ಗೆ ಬರೆದಾಗ ಅವರಲ್ಲಿ 18 ಮಂದಿ ಸತ್ತಿದ್ದರು. ಆಂಟಿಬಯೋಟಿಕ್ ಕಾಲದಲ್ಲಿ ಇದು ಅಪರೂಪವಾಗಿದೆ, ಬದುಕುವವರೇ ಹೆಚ್ಚು, ಆದರೆ ಕಣ್ಮರೆಯಾಗಿಲ್ಲ. ಗಂಟಲು ನೋವು ಕಡಿಮೆಯಾದ ಮೇಲೆ ಮತ್ತೆ ನಡುಕದ ಜ್ವರ, ಕತ್ತಿನ ಒಂದು ಬದಿಯುದ್ದಕ್ಕೂ ನೋವು, ಎದೆನೋವು, ಉಬ್ಬಸ ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಉಸಿರೆಳೆಯುವಾಗ ಸದ್ದು ಬರುವುದು, ಮಲಗಿದರೆ ಉಸಿರು ಸಿಗದೆ ಕೂತೇ ಇರುವುದು, ಕತ್ತು ಹೊರಗಿನಿಂದ ಗಟ್ಟಿಯಾಗಿ ಊದುವುದು, ಮಂಕಾಗುವುದು ಇವುಗಳಲ್ಲಿ ಯಾವುದು ಕಂಡರೂ ಕ್ಲಿನಿಕ್‌ನಲ್ಲಿ ಸರದಿಗೆ ಕಾಯದೆ 108ಕ್ಕೆ ಕರೆ ಮಾಡಿ. ರೋಗಿಯನ್ನು ಬಲವಂತವಾಗಿ ಮಲಗಿಸದೆ ಕೂರಿಸಿಕೊಂಡೇ ಕರೆದೊಯ್ಯಿರಿ.

ಗುಣವಾದ ಮೇಲೆ

ಒಮ್ಮೆ ಕೀವು ಕಟ್ಟಿತೆಂದು ಎಲ್ಲರೂ ಟಾನ್ಸಿಲ್ ತೆಗೆಸಬೇಕಿಲ್ಲ. ಹೆಚ್ಚಿನವರಿಗೆ ಇದು ಮರುಕಳಿಸುವುದಿಲ್ಲ. ಎರಡನೆಯ ಸಲ ಕೀವು ಕಟ್ಟಿದವರು, ಅಥವಾ ಮೊದಲೇ ಪದೇ ಪದೇ ಟಾನ್ಸಿಲ್ ಸೋಂಕು ಅನುಭವಿಸುತ್ತಿರುವವರು ಈ ಬಗ್ಗೆ ಯೋಚಿಸಬಹುದು. ವರ್ಷಕ್ಕೆ ಏಳು ಸಲ, ಇಲ್ಲವೇ ಎರಡು ವರ್ಷ ಸತತವಾಗಿ ವರ್ಷಕ್ಕೆ ಐದು ಸಲ, ಇಲ್ಲವೇ ಮೂರು ವರ್ಷ ಸತತವಾಗಿ ವರ್ಷಕ್ಕೆ ಮೂರು ಸಲ ದಾಖಲಾದ ಟಾನ್ಸಿಲ್ ಸೋಂಕು ಎಂಬುದು ಶಸ್ತ್ರಚಿಕಿತ್ಸೆಗೆ ವ್ಯಾಪಕವಾಗಿ ಒಪ್ಪಿರುವ ಅಳತೆ. ಪ್ರತಿ ಸಲದ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಂಡರೆ ಈ ತೀರ್ಮಾನ ಸುಲಭವಾಗುತ್ತದೆ. ಕೀವು ತೆಗೆಸಿಕೊಂಡವರು ನೋವು ಹೋಯಿತೆಂದು ಆಂಟಿಬಯೋಟಿಕ್ ನಡುವೆ ನಿಲ್ಲಿಸಬಾರದು. ವೈದ್ಯರು ಹೇಳಿದ ದಿನ ಮರಳಿ ತೋರಿಸಬೇಕು, ಬೀಡಿ, ಸಿಗರೇಟು, ಗುಟ್ಕಾ ಬಿಡಬೇಕು, ಹಲ್ಲು, ವಸಡುಗಳನ್ನು ಚೊಕ್ಕವಾಗಿಟ್ಟುಕೊಳ್ಳಬೇಕು.

ಓದುಗರಲ್ಲಿ ನನ್ನ ಕೋರಿಕೆ ಇಷ್ಟೇ. ಮುಂದಿನ ಸಲ ಮನೆಯಲ್ಲಿ ಯಾರಿಗಾದರೂ ಗಂಟಲು ನೋವು ಬಂದಾಗ ಯಾವ ಮಾತ್ರೆ ಎಂದು ಕೇಳುವ ಮುಂಚೆ ಮೂರು ಪ್ರಶ್ನೆ ಕೇಳಿ: ನೋವು ಒಂದೇ ಪಕ್ಕದ್ದೇ? ಬಾಯಿಗೆ ಮೂರು ಬೆರಳು ಹಿಡಿಸುತ್ತವೆಯೇ? ಎಂಜಲು ನುಂಗಲು ಆಗುತ್ತಿದೆಯೇ? ಉತ್ತರಗಳು ಸಮಾಧಾನಕರವಾಗಿದ್ದರೆ, ವಯಸ್ಕರಾದರೆ, ಉಪ್ಪುನೀರು, ವಿಶ್ರಾಂತಿ, ಪ್ಯಾರಾಸಿಟಮಾಲ್ ಜತೆ ಮೂರ್ನಾಲ್ಕು ದಿನ ಧೈರ್ಯವಾಗಿ ಕಾಯಿರಿ. ಅಷ್ಟರಲ್ಲಿ ಕಡಿಮೆಯಾಗದಿದ್ದರೆ ವೈದ್ಯರಿಗೆ ತೋರಿಸಿ. ಉತ್ತರಗಳು ಸರಿಯಿಲ್ಲದಿದ್ದರೆ ಮಾತ್ರೆ ಬದಲಿಸುತ್ತ ಕೂರದೆ ಅದೇ ದಿನ ಕಿವಿ-ಮೂಗು-ಗಂಟಲು ತಜ್ಞರಿರುವ ಆಸ್ಪತ್ರೆಗೆ ಹೋಗಿ. ಸಮಯಕ್ಕೆ ಕೀವು ಹೊರಬಂದರೆ ಈ ರೋಗ ಬಹುತೇಕ ಎಲ್ಲರಲ್ಲೂ ಪೂರ್ತಿ ವಾಸಿಯಾಗುತ್ತದೆ.